ತನಿ ಶುರುವಾದರೆ ಕುರ್ಚಿ ಖಾಲಿ

13 ಏಪ್ರಿಲ್ 2025, ಭಾನುವಾರ
ಬೆಂಗಳೂರು

ರಾಮನವಮಿ ಪೆಂಡಾಲಿನಲ್ಲಿ ಇವತ್ತು ಹಾಡುಗಾರಿಕೆ. ಪಕ್ಕವಾದ್ಯಕ್ಕೆ ಪಿಟೀಲು, ಮೃದಂಗ, ಘಟ. ಕಚೇರಿಯ ಮೊದಲ ರಚನೆಯಾದ ವರ್ಣ ಮುಗಿಯುವವರೆಗೂ ಜನ ಬರುತ್ತಲೇ ಇದ್ದರು. ಬರಲಿ, ಈ ಊರಿನ ಟ್ರಾಫಿಕ್ಕಿನಲ್ಲಿ ಹೊತ್ತಿಗೆ ಸರಿಯಾಗಿ ತಲುಪಿದವರೇ ಪುಣ್ಯವಂತರು. ಆಲಾಪನೆಯ ನಡುವೆ ಯಾರದೋ ಮೊಬೈಲು ಸುಪ್ರಭಾತ ಹಾಡಿತು. ಪಕ್ಕದ ಹಿರಿಯರು ತೊಡೆ ತಟ್ಟಿ ತಾಳ ಹಾಕುತ್ತ ಮೃದಂಗಕ್ಕಿಂತ ಅರ್ಧ ಎಣಿಕೆ ಮುಂದೆಯೇ ಓಡುತ್ತಿದ್ದರು. ಹೋಗಲಿ ಬಿಡಿ, ಪ್ರೀತಿಗೇ ಹಾಕುತ್ತಿದ್ದರು.

ನನಗೆ ಮೈ ಉರಿಯುವುದು ತನಿ ಆವರ್ತನದ ಹೊತ್ತಿನ ವಲಸೆಗೆ. ತನಿ ಅಂದರೆ ಹಾಡು ನಿಲ್ಲಿಸಿ ತಾಳವಾದ್ಯದವರಷ್ಟೇ ನುಡಿಸುವ ಭಾಗ. ಕಾಂಭೋಜಿ ರಾಗದಲ್ಲಿ ಸ್ವರ ಹಾಕಿ ಮುಗಿಸಿ ಗಾಯಕರು ಮೃದಂಗದವರತ್ತ ತಿರುಗಿದ್ದೇ ತಡ, ಪ್ಲಾಸ್ಟಿಕ್ ಕುರ್ಚಿಗಳು ಕಿರ್ ಎಂದವು. ನನ್ನ ಮುಂದಿನ ಸಾಲು ಪೂರ್ತಿ ಖಾಲಿ. "ಇನ್ನೊಂದ್ ಹದಿನೈದ್ ನಿಮಿಷ ಏನೂ ಇರಲ್ಲ, ಕಾಫಿ ಕುಡ್ಕೊಂಡ್ ಬರೋಣ ಬಾರೇ" ಅಂತ ಒಬ್ಬಾಕೆ. ಏನೂ ಇರಲ್ಲವಂತೆ!

ಎರಡು ಗಂಟೆ ಇನ್ನೊಬ್ಬರ ಹಾಡಿಗೆ ಒದಗಿ ನುಡಿಸಿದವರಿಗೆ ಇಡೀ ಕಚೇರಿಯಲ್ಲಿ ತಮ್ಮದು ಅಂತ ಸಿಗುವುದೇ ಅಷ್ಟು ಹೊತ್ತು. ಎರಡು ಕಳೆ ಆದಿತಾಳ, ಅಂದರೆ ಎಂಟು ಎಣಿಕೆಯ ತಾಳ, ಒಂದೊಂದು ಎಣಿಕೆಗೂ ದುಪ್ಪಟ್ಟು ಹೊತ್ತು. ಮೃದಂಗದವರು ಆತುರವಿಲ್ಲದೆ, ಎಡಗೈಯ ಗುಂಯ್‌ಗುಡುವ ನಾದ, ಆ ಗುಮ್ಕಿಯಲ್ಲೇ ಒಂದಷ್ಟು ಆವರ್ತ, ಅಂದರೆ ತಾಳದ ಸುತ್ತು, ಕಳೆದರು. ಘಟದವರು ಮೂರು ಮೂರರ ಲೆಕ್ಕದ ತಿಶ್ರ ನಡೆಗೆ ಹೊರಳಿದರು. ಆಮೇಲೆ ಸವಾಲು ಜವಾಬು: ಎರಡು ಆವರ್ತ, ಒಂದು, ಅರ್ಧ, ಕಾಲು. ಕಡೆಗೆ ಇಬ್ಬರೂ ಕೂಡಿ ಮುಗಿಸುವ ಸೂಚನೆಯ ಮೋಹರಾ, ಮೂರು ಸಲ ಮುಕ್ತಾಯ, ಪಲ್ಲವಿ ಎತ್ತುವ ಜಾಗಕ್ಕೇ ಬಂದು ನಿಂತಿತು. ಇದನ್ನು ಕೇಳಲು ಲೆಕ್ಕ ಬರಬೇಕೆಂದೇನಿಲ್ಲ. ಗಾಯಕರು ಅಷ್ಟು ಹೊತ್ತೂ ತಾಳ ಬಿಡುವುದಿಲ್ಲವಲ್ಲ, ಅವರ ಕೈ ನೋಡುತ್ತಿದ್ದರೆ ಸಾಕು: ಒಂದು ಪೆಟ್ಟು, ಮೂರು ಬೆರಳು, ಮತ್ತೆ ಪೆಟ್ಟು, ಹುಸಿ (ಅಂಗೈ ಮೇಲೆ ಮಾಡುವುದು), ಪೆಟ್ಟು, ಹುಸಿ. ವಾದ್ಯದವರು ಆ ಎಣಿಕೆಯಿಂದ ಎಷ್ಟು ದೂರ ಹೋಗಿ ಹೇಗೆ ವಾಪಸ್ಸು ಬರುತ್ತಾರೆ ಅನ್ನುವುದೇ ಮಜಾ.

ಬಸ್ಸು ಹಿಡಿಯಬೇಕಾದವರು, ಮಗು ಅಳುತ್ತಿರುವವರು ಏಳಬಾರದೆಂದಲ್ಲ. ಒಂದು ಕೃತಿ ಮುಗಿದು ಶ್ರುತಿ ನೋಡಿಕೊಳ್ಳುವಾಗ ಎದ್ದರೆ ಯಾರಿಗೂ ನೋವಿಲ್ಲ.

ಇನ್ನು ಸಂಘಟಕರು. ಕೋಸಂಬರಿಯ ತಪ್ಪಲೆ ಹೊರಗೆ ಬಂದದ್ದು ಸರಿಯಾಗಿ ಘಟದ ಸರದಿಗೇ. ಹೆಸರುಬೇಳೆ, ಇಂಗಿನ ಒಗ್ಗರಣೆಯ ಎದುರು ಯಾವ ವಿದ್ವಾಂಸ ತಾನೇ ಗೆದ್ದಾನು?

ಎದ್ದು ಹೋದವರೆಲ್ಲ ದೇವರನಾಮದ ಹೊತ್ತಿಗೆ ಹಾಜರ್. ನಾಳೆ ಕೊಳಲು, ಜೊತೆಗೆ ಖಂಜಿರ, ಮೋರ್ಚಿಂಗ್ ಎರಡೂ ತಾಳವಾದ್ಯಗಳು ಇವೆಯಂತೆ. ತನಿ ಇನ್ನೂ ಉದ್ದವಾದೀತು, ಕಾಫಿಯವನು ಹಾಲು ಜಾಸ್ತಿ ತರಿಸಿಡುವುದು ಒಳ್ಳೆಯದು.