ಮಕ್ಕಳಿಗೆ ಪಾಯಿಂಟ್ ಕೊಡುವ ಆ್ಯಪ್ ಹಾಕಲಾ, ಬೇಡ್ವಾ?

ಹಾಸಿಗೆ ಮಡಿಸಿದರೆ ಹತ್ತು ಪಾಯಿಂಟ್, ಬ್ಯಾಗ್ ಜೋಡಿಸಿಕೊಂಡರೆ ಐದು. ನೂರು ತುಂಬಿದರೆ ಬಹುಮಾನ. ಇಂಥ ಆ್ಯಪ್ ಹಾಕಿದರೆ ಮಕ್ಕಳು ಮಾತು ಕೇಳ್ತಾರಾ, ಇಲ್ಲಾ ಲಂಚದ ರುಚಿ ಹತ್ತುತ್ತಾ? ಮಕ್ಕಳಿರುವ ಗೆಳೆಯರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಇದು.

ಹಾಕಿ. ಆದರೆ ಮಗು ಖುಷಿಯಿಂದ ಮಾಡುವ ಯಾವುದನ್ನೂ ಆ ಪಟ್ಟಿಗೆ ಸೇರಿಸಬೇಡಿ.

ಇದಕ್ಕೊಂದು ಹಳೆಯ ಆಧಾರವಿದೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಸ್ಕೆಚ್ ಪೆನ್ನಿನಿಂದ ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡ್ತೀವಿ’ ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಮೊದಲೇ ಆಸೆ ತೋರಿಸಿದ್ದ ಮಕ್ಕಳು ಪೆನ್ನು ಹಿಡಿಯುವ ಹೊತ್ತು ಉಳಿದವರಿಗಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಹೇಳದೆ ಕೊಟ್ಟ ಬಹುಮಾನ ಮಾತ್ರ ಏನೂ ಕೆಡಿಸಿರಲಿಲ್ಲ!

ಹಾಗಾಗಿ ಕಥೆ ಪುಸ್ತಕ ಓದುವುದಕ್ಕೆ, ಚಿತ್ರ ಬಿಡಿಸುವುದಕ್ಕೆ ಪಾಯಿಂಟ್ ಬೇಡ. ಹಲ್ಲುಜ್ಜುವುದು, ಒದ್ದೆ ಟವೆಲ್ ಒಣಗಿಸುವುದು, ಊಟದ ಡಬ್ಬಿ ತೊಳೆಯಲು ಹಾಕುವುದು: ಇವಕ್ಕೆ ಧಾರಾಳವಾಗಿ ಕೊಡಿ. ಯಾರಿಗೂ ಇಷ್ಟವಿಲ್ಲದ ಕೆಲಸದಲ್ಲಿ ಕಳೆದುಕೊಳ್ಳಲು ಇಷ್ಟವಾದರೂ ಎಲ್ಲಿದೆ?

ಇನ್ನೊಂದು ಗೆರೆ ಎಳೆಯಲೇಬೇಕು. ಅಜ್ಜಿಗೆ ಮಾತ್ರೆ, ಮನೆಗೆ ಬಂದವರಿಗೆ ನೀರು ತಂದುಕೊಡುವುದು ಪಟ್ಟಿಯ ಹೊರಗಿರಲಿ. ಒಮ್ಮೆ ಅದಕ್ಕೂ ಪಾಯಿಂಟ್ ಕೊಟ್ಟಿರೋ, ‘ನೀರು ತಗೊಂಡು ಬಾ ಪುಟ್ಟಾ’ ಅಂದ ತಕ್ಷಣ ‘ಎಷ್ಟು ಪಾಯಿಂಟ್?’ ಅನ್ನುತ್ತದೆ. ಮಗುವಿನದೇನು ತಪ್ಪು, ರೇಟು ಕಟ್ಟಿದ್ದು ನಾವೇ ಅಲ್ವಾ!

ಆ್ಯಪ್ ಆರಿಸುವಾಗ ಶಿಕ್ಷೆಯ ಭಾಗ ಎಷ್ಟಿದೆ ನೋಡಿಕೊಳ್ಳಿ. ದಿನದ ಕೆಲಸಗಳನ್ನು ಆಟವಾಗಿಸುವ ಹ್ಯಾಬಿಟಿಕಾ ಎಂಬ ಆ್ಯಪ್‌ನಲ್ಲಿ ಕೆಲಸ ತಪ್ಪಿದರೆ ಆಟದೊಳಗಿನ ನಮ್ಮ ಪಾತ್ರಕ್ಕೆ ಪೆಟ್ಟು ಬೀಳುತ್ತದೆ. ದೊಡ್ಡವರಿಗೆ ಅದೊಂದು ತಮಾಷೆ. ಜ್ವರದಲ್ಲಿ ಮಲಗಿದ ಆರು ವರ್ಷದ ಮಗುವಿಗೆ ಅಳು ಬರುತ್ತದೆ. ಗಳಿಸಿದ್ದನ್ನು ಕಿತ್ತುಕೊಳ್ಳುವ ಸೌಲಭ್ಯ ಇದ್ದರೆ ಆಫ್ ಮಾಡಿಬಿಡಿ. ಬಹುಮಾನವಾಗಿ ಇನ್ನರ್ಧ ಗಂಟೆ ಮೊಬೈಲ್ ಕೊಡುವುದೂ ನನಗೆ ಸರಿ ಕಾಣುವುದಿಲ್ಲ. ಮನೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ಮೊಬೈಲ್ ಅಂತ ನಾವೇ ಸಾರಿದ ಹಾಗಾಗುತ್ತದೆ. ಭಾನುವಾರ ಯಾವ ತಿಂಡಿ, ಯಾವ ಪಾರ್ಕು ಅನ್ನೋದನ್ನು ಮಗುವೇ ಆರಿಸಲಿ.

ಕೆಲಸ ಅಭ್ಯಾಸವಾದ ಮೇಲೆ ಅದನ್ನು ಪಟ್ಟಿಯಿಂದ ತೆಗೆಯಿರಿ. ಸುಮ್ನೆ ತೆಗೆಯಬೇಡಿ, ‘ಇದು ನಿನಗೆ ಬಂತು, ಇನ್ನು ಪಾಯಿಂಟ್ ಬೇಡ’ ಎಂದು ಹೇಳಿ ತೆಗೆಯಿರಿ.

ಫ್ರಿಜ್ಜಿನ ಮೇಲೆ ಹಾಳೆ ಅಂಟಿಸಿ ಸ್ಟಾರ್ ಹಾಕಿದರೆ ಸಾಲದಾ? ಎಲ್ಲರೂ ಒಂದೇ ಮನೆಯಲ್ಲಿದ್ದರೆ ಧಾರಾಳವಾಗಿ ಸಾಕು. ಅಪ್ಪನೋ ಅಮ್ಮನೋ ಬೇರೆ ಊರಲ್ಲಿ ಕೆಲಸದಲ್ಲಿದ್ದರೆ ಮಾತ್ರ ಆ್ಯಪ್ ಜಾಸ್ತಿ ಉಪಯೋಗ. ಇವತ್ತು ಯಾವ ಕೆಲಸ ಮುಗಿಯಿತು ಅನ್ನೋದು ಅವರ ಫೋನಿಗೂ ಹೋಗುತ್ತದೆ, ರಾತ್ರಿ ಕರೆ ಮಾಡಿದಾಗ ಕೇಳಲು ಒಂದು ವಿಷಯ ಸಿಗುತ್ತದೆ.