ಹೊಳೆಯುವ ಕಾರ್ಬನ್ ಡಾಟ್‌ನಿಂದ ಫ್ಲೋರೈಡ್ ಪರೀಕ್ಷೆ: ಪಾವಗಡದಲ್ಲಿ ಈವರೆಗಿನ ಕೆಲಸ

ಡಿಸ್ಟಿಲ್ಡ್ ನೀರಿಗೆ ಸೇರಿಸಿದ ಫ್ಲೋರೈಡ್‌ನ ಅಳತೆ ಈಗ ಸರಿಯಾಗಿ ಸಿಗುತ್ತಿದೆ. ನಮ್ಮ ಬೋರ್ ನೀರಿನಲ್ಲಿ ಇನ್ನೂ ಇಲ್ಲ.

ಕಾರ್ಬನ್ ಡಾಟ್ ಅಂದರೆ ಯುವಿ ಬೆಳಕು ಬಿದ್ದರೆ ಹೊಳೆಯುವ, ಇಂಗಾಲದ ಅತಿ ಸಣ್ಣ ಕಣ. ಅದನ್ನು ತಯಾರಿಸಿದ್ದು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಯೂರಿಯಾ, ಸ್ವಲ್ಪ ನೀರು ಸೇರಿಸಿ ಹಳೇ ಮೈಕ್ರೋವೇವ್‌ನಲ್ಲಿ. ಅಡುಗೆಗೆ ಬಳಸದ ಓವನ್ ಅದು. ಅಮೋನಿಯಾ ವಾಸನೆ ಜಾಸ್ತಿ, ಹಾಗಾಗಿ ಹೊರಗಡೆಯೇ ಇಟ್ಟೆ. ಕ್ಯಾಡ್ಮಿಯಂ ಇರುವ ಕ್ವಾಂಟಮ್ ಡಾಟ್‌ಗಳೂ ಇವೆ, ತುಂಬಾ ಚೆನ್ನಾಗಿ ಹೊಳೆಯುತ್ತವೆ. ಆದರೆ ಕುಡಿಯುವ ನೀರಿನ ಪರೀಕ್ಷೆಗೆ ಅಂತ ಮನೆಗೆ ವಿಷ ತರಲು ನನಗೆ ಮನಸ್ಸಿಲ್ಲ.

ಕೆಲಸ ಮಾಡುವ ಬಗೆ ಹೀಗೆ. 365 ನ್ಯಾನೋಮೀಟರ್ ಯುವಿ ಟಾರ್ಚ್ ಬಿಟ್ಟರೆ ದ್ರಾವಣ ನೀಲಿಯಾಗಿ ಹೊಳೆಯುತ್ತದೆ. ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಲವಣ ಹಾಕಿದರೆ ಹೊಳಪು ಕುಗ್ಗುತ್ತದೆ. ಫ್ಲೋರೈಡ್ ಬಂದರೆ ಆ ಕಬ್ಬಿಣವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಹೊಳಪು ವಾಪಸ್ ಬರುತ್ತದೆ. ಎಷ್ಟು ಬಂತು ಅನ್ನುವುದನ್ನು ಕಪ್ಪು ಡಬ್ಬದೊಳಗೆ ಫೋನ್ ಕ್ಯಾಮೆರಾದಿಂದ ಅಳೆಯುತ್ತೇನೆ. ಆಟೋ ಎಕ್ಸ್‌ಪೋಷರ್ ಆಫ್ ಇರಲೇಬೇಕು.

ಹೋಲಿಸಲು ಒಂದು ಲೀಟರ್‌ಗೆ 221 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಕರಗಿಸಿದೆ. ಅದು 100 ಮಿಲಿಗ್ರಾಂ ಫ್ಲೋರೈಡ್‌ಗೆ ಸಮ. ಅದನ್ನೇ ತೆಳು ಮಾಡಿ ಲೀಟರ್‌ಗೆ 0.5, 1, 1.5, 2 ಮಿಲಿಗ್ರಾಂ ಫ್ಲೋರೈಡ್ ಇರುವಂತೆ ಮಾಡಿಕೊಂಡೆ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳುವ ಮಿತಿ ಲೀಟರ್‌ಗೆ 1 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ 1.5ರವರೆಗೆ. ಹಾಗಾಗಿ ಈ ನಡುವಿನ ಭಾಗವೇ ನನಗೆ ಮುಖ್ಯ.

ಬೋರ್ ನೀರಿನ ತೊಡಕು ಅದರಲ್ಲಿರುವ ಬೈಕಾರ್ಬೊನೇಟ್. ಅದರಿಂದ ಪಿಎಚ್ ಮೇಲೇರಿದರೆ ಕಬ್ಬಿಣ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂರುತ್ತದೆ. ಆಗ ಫ್ಲೋರೈಡ್ ಇಲ್ಲದಿದ್ದರೂ ಹೊಳಪು ಬರುತ್ತದೆ! ಆಸಿಡ್ ಜಾಸ್ತಿಯಾದರೆ ಫ್ಲೋರೈಡ್ ಹೈಡ್ರೋಜನ್ ಜೊತೆ ಸೇರಿ, ಕಬ್ಬಿಣಕ್ಕೆ ಸಿಗುವುದು ಕಡಿಮೆ. ಪಿಎಚ್ 3.5ರ ಸುತ್ತಮುತ್ತ ನಿಲ್ಲಿಸಿ ನೋಡುತ್ತಿದ್ದೇನೆ. ಡಾಟ್ ಮಾಡುವಾಗ ಉಳಿದ ಸಿಟ್ರಿಕ್ ಆಸಿಡ್ ಕೂಡ ಕಬ್ಬಿಣವನ್ನು ಬಿಗಿಯಾಗಿ ಹಿಡಿಯುತ್ತದೆ, ಅದಕ್ಕೇ ಡಾಟ್‌ಗಳನ್ನು ಡಯಾಲಿಸಿಸ್ ಟ್ಯೂಬ್ (ಸಣ್ಣ ಅಣುಗಳನ್ನು ಮಾತ್ರ ಹೊರಬಿಡುವ ಪೊರೆಯ ಕೊಳವೆ)‌ನಲ್ಲಿ ಇಟ್ಟು ತೊಳೆಯಲೇಬೇಕು. ಫಾಸ್ಫೇಟ್ ಬಗ್ಗೆಯೂ ಎಚ್ಚರ ಬೇಕು, ಅದೂ ಕಬ್ಬಿಣವನ್ನು ಬಿಡುವುದಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ಫ್ಲೋರೈಡ್‌ಗೆ ಬಣ್ಣ, ವಾಸನೆ ಇಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಕಲೆ ಬಿದ್ದ ಹಲ್ಲಿನ ಮಕ್ಕಳನ್ನು ಇಲ್ಲಿ ನೋಡುತ್ತಲೇ ಇದ್ದೇವಲ್ವಾ?

ಮುಂದೆ: ಶುದ್ಧ ನೀರಿನ ಘಟಕದ ನೀರಿಗೆ ಗೊತ್ತಿರುವಷ್ಟು ಫ್ಲೋರೈಡ್ ಮತ್ತು ಅಡುಗೆ ಸೋಡಾ (ಅದೂ ಬೈಕಾರ್ಬೊನೇಟೇ) ಸೇರಿಸಿ ನೋಡುವುದು. ಅಲ್ಲಿ ಲೆಕ್ಕ ಕೂಡಿ ಬಂದರೆ, ಒಂದೇ ಬೋರ್ ನೀರನ್ನು ಎರಡು ಬಾಟಲಿಗೆ ತುಂಬಿ, ಒಂದನ್ನು ಲ್ಯಾಬ್‌ಗೆ ಕಳಿಸುತ್ತೇನೆ.