‘ಸಂಸ್ಕಾರ’ದ ಬಗ್ಗೆ ಯಾರು ಹೇಳಿದ್ದು ಸರಿ?

ಕನ್ನಡ ಮೇಷ್ಟ್ರು ಅಂತ ಗೊತ್ತಾದರೆ ಸಾಕು, ಮದುವೆ ಮನೆಯ ಪಂಕ್ತಿಯಲ್ಲೂ ಈ ಪ್ರಶ್ನೆ ಬರುತ್ತದೆ. “ಸಾರ್, ‘ಸಂಸ್ಕಾರ’ ಬ್ರಾಹ್ಮಣರನ್ನ ಬಯ್ಯೋಕೆ ಬರೆದದ್ದು ಅಂತಾರೆ ನಮ್ಮಪ್ಪ. ಗೈಡ್‌ನಲ್ಲಿ ಅಸ್ತಿತ್ವವಾದದ ಕಾದಂಬರಿ, ಅಂದ್ರೆ ‘ನಾನು ಯಾರು, ಹೇಗೆ ಬದುಕಬೇಕು’ ಅಂತ ಕೇಳೋ ಕಾದಂಬರಿ ಅಂತಿದೆ. ಯಾವುದು ಸರಿ?”

ಓದದವರಿಗೆ ಕಥೆ ಹೇಳಿಬಿಡುತ್ತೇನೆ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಮಾಂಸ ತಿಂದವನು, ಸಾಲಿಗ್ರಾಮವನ್ನು ಹೊಳೆಗೆ ಎಸೆದವನು, ಚಂದ್ರಿಯನ್ನು ಮನೆಯಲ್ಲಿ ಇಟ್ಟುಕೊಂಡವನು. ಆದರೂ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಹಾಗಾಗಿ ಬೇರೆ ಜಾತಿಯವರು ಹೆಣ ಮುಟ್ಟುವಂತಿಲ್ಲ, ಬ್ರಾಹ್ಮಣರಿಗೆ ಮುಟ್ಟಲು ಭಯ. ಹೆಣ ಎತ್ತುವ ತನಕ ಊಟ ಇಲ್ಲ. ಕಾಶಿಯಲ್ಲಿ ಓದಿ ಬಂದ ಪ್ರಾಣೇಶಾಚಾರ್ಯರು ಗ್ರಂಥ ತಿರುವುತ್ತಾರೆ, ಮಾರುತಿ ಗುಡಿಯಲ್ಲಿ ಕೂತು ಪ್ರಸಾದ ಕೇಳುತ್ತಾರೆ. ಉತ್ತರ ಸಿಗುವುದಿಲ್ಲ. ಆ ರಾತ್ರಿ ಕಾಡಿನ ಕತ್ತಲಲ್ಲಿ ಚಂದ್ರಿಯ ಜೊತೆ ಸೇರುತ್ತಾರೆ. ಅಲ್ಲಿಂದ ಅವರ ಬದುಕೇ ಬುಡಮೇಲು.

ಯು.ಆರ್. ಅನಂತಮೂರ್ತಿ ಇದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್.ಡಿ. ಮಾಡುವಾಗ. ಪುಸ್ತಕ ಬಂದದ್ದು 1965ರಲ್ಲಿ. ಅಂದಿನಿಂದ ಜಗಳ ನಿಂತಿಲ್ಲ. ನೊಂದುಕೊಂಡ ಬ್ರಾಹ್ಮಣ ಓದುಗರ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಶವಸಂಸ್ಕಾರದ ಖರ್ಚಿಗೆ ಅಂತ ಚಂದ್ರಿ ಮೈಮೇಲಿನ ಚಿನ್ನ ಬಿಚ್ಚಿ ಇಟ್ಟ ಕೂಡಲೇ ಎಲ್ಲರಿಗೂ ಹೆಣದ ಮೇಲೆ ಆಸೆ ಹುಟ್ಟುತ್ತಲ್ಲ, ಅದು ಅವರಿಗೆ ಚುಚ್ಚುತ್ತದೆ. 1970ರ ಸಿನಿಮಾವನ್ನು ಸೆನ್ಸಾರ್ ಮೊದಲು ತಡೆದಿತ್ತು. ಆಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಓದಿದ ಲೇಖಕ ವಿ.ಎಸ್. ನೈಪಾಲ್ ಇದನ್ನು ಹಿಂದೂ ಮನಸ್ಸಿನ ಚಿತ್ರ ಅಂತ ಹಿಡಿದು ಚರ್ಚಿಸಿದರು. ಒಂದು ಅಗ್ರಹಾರದ ಮೇಲೆ ಅಷ್ಟು ದೊಡ್ಡ ಭಾರ ಹೊರಿಸಿದ್ದು ನನಗೆ ಜಾಸ್ತಿ ಅನ್ನಿಸುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ತಕರಾರು ಹೆಂಗಸರ ಬಗ್ಗೆ. ಅಗ್ರಹಾರದ ಹೆಂಡತಿಯರೆಲ್ಲ ಬತ್ತಿಹೋದವರು. ಹೊರಗಿನವರಾದ ಚಂದ್ರಿ, ಬೆಳ್ಳಿ, ಪದ್ಮಾವತಿ ಮೈತುಂಬಿಕೊಂಡವರು. ಗಂಡಸಿನ ಕಣ್ಣಿಗೆ ಬಿದ್ದಷ್ಟೇ ಅವರ ಬದುಕು ಅಂತ ನನ್ನ ವಿದ್ಯಾರ್ಥಿನಿಯೊಬ್ಬಳು ಸಿಟ್ಟಿನಿಂದಲೇ ಹೇಳಿದ್ದಳು. ಅದಕ್ಕೆ ನನ್ನಲ್ಲಿ ಎದುರುತ್ತರ ಇಲ್ಲ.

ಆದರೆ ಅವಳಿಗೂ, ಈ ಪ್ರಶ್ನೆ ಕೇಳುವ ಎಲ್ಲರಿಗೂ ನಾನು ಒಂದೇ ಮಾತು ಹೇಳುತ್ತೇನೆ. ಕಾಡಿನಿಂದ ಹೊರಟ ಚಂದ್ರಿ ಆ ರಾತ್ರಿ ಏನು ಮಾಡಿದಳು ಅನ್ನೋ ಪುಟಗಳನ್ನು ಇನ್ನೊಮ್ಮೆ ಓದಿ. ನಾನೂ ಮೊದಲ ಸಲ ಓದುವಾಗ ಆಚಾರ್ಯರ ಕಥೆ ಏನಾಯಿತು ಅನ್ನೋ ಅವಸರದಲ್ಲಿ ಅವುಗಳನ್ನು ದಾಟಿಬಿಟ್ಟಿದ್ದೆ. ಅವಳು ಮನೆಗೆ ಬರುತ್ತಾಳೆ. ಹೆಣ ಊದಿ ನಾರುತ್ತಿದೆ. ನೋಡಲಾಗದೆ ಓಡುತ್ತಾಳೆ. ಗಾಡಿಯ ಶೇಷಪ್ಪ ಬ್ರಾಹ್ಮಣನ ಹೆಣ ಮುಟ್ಟಲಾರೆ ಅನ್ನುತ್ತಾನೆ. ಮೀನು ವ್ಯಾಪಾರದ ಮುಸಲ್ಮಾನ ಅಹಮದ್ ಬ್ಯಾರಿ ಗಾಡಿ ಕಟ್ಟಿಕೊಂಡು ಬರುತ್ತಾನೆ. ಯಾವತ್ತೋ ಕಷ್ಟಕ್ಕೆ ನಾರಣಪ್ಪ ಅವನಿಗೆ ದುಡ್ಡು ಕೊಟ್ಟಿದ್ದ. ಹೆಣ, ಸೌದೆ ಗಾಡಿಗೆ ಹಾಕಿ, ಒಯ್ದು, ಸುಟ್ಟು ಹೋಗುತ್ತಾನೆ. ಮಂತ್ರ ಇಲ್ಲ, ತರ್ಪಣ ಇಲ್ಲ. ಚಂದ್ರಿ ಅತ್ತು, ಗಂಟು ಕಟ್ಟಿಕೊಂಡು, ಕುಂದಾಪುರದ ಬಸ್ಸಿಗೆ ಹೊರಡುತ್ತಾಳೆ. ಯಾರಿಗೂ ಹೇಳುವುದಿಲ್ಲ.

ಹೊಲಗೇರಿಯಲ್ಲಿ ಬೆಳ್ಳಿಯ ಅಪ್ಪ ಅಮ್ಮ ಪ್ಲೇಗಿಗೆ ಸಾಯುತ್ತಾರೆ. ಗುಡಿಸಲಿನ ಸಮೇತ ಬೆಂಕಿ ಇಡುತ್ತಾರೆ. ಅವರಿಗಾಗಿ ಯಾರೂ ಗ್ರಂಥ ತೆಗೆಯಲಿಲ್ಲ.

ಅಂದರೆ ಅಗ್ರಹಾರ ಉಪವಾಸ ಕೂತು ಕೇಳಿದ ಪ್ರಶ್ನೆ ಕಥೆಯ ನಡುವೆಯೇ ಮುಗಿದಿದೆ. ಆಚಾರ್ಯರಿಗೆ ಅದು ಗೊತ್ತಿಲ್ಲ, ಅಷ್ಟೇ. ಹೆಂಡತಿ ಸತ್ತ ಮೇಲೆ ಊರು ಬಿಟ್ಟು, ಮೇಳಿಗೆ ಅನ್ನೋ ಊರಿನ ತೇರಿನ ಜನರ ನಡುವೆ ಅವರು ಆ ಸೂತಕದಲ್ಲೇ ಪಂಕ್ತಿಗೆ ಕೂತು ಬೆವರುವಾಗ ನನಗೆ ಅದೇ ನೆನಪಾಗುತ್ತದೆ. ಅವರ ಸಂಕಟ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಹೆಣದ ಪ್ರಶ್ನೆ ಹೋದ ಮೇಲೂ ಉಳಿಯೋ ಸಂಕಟ ಅದು. ತಾನು ಯಾರು, ಮಾಡಿದ್ದನ್ನು ಒಪ್ಪಿಕೊಳ್ಳಬೇಕಾ ಅನ್ನೋದು. ಗೈಡ್ ಬರೆದವರು ಇದನ್ನು ಹಿಡಿದರು, ಅಪ್ಪ ಚಿನ್ನದ ಜಗಳ ಹಿಡಿದರು. ಎರಡೂ ಪುಸ್ತಕದಲ್ಲಿವೆ. ಇಬ್ಬರೂ ಬಿಟ್ಟದ್ದು ಬ್ಯಾರಿಯ ಗಾಡಿಯನ್ನು.

ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: “ಆಚಾರ್ಯರು ವಾಪಸ್ ಹೋಗಿ ನಿಜ ಹೇಳಿದ್ರಾ?” ಅನಂತಮೂರ್ತಿ ಅವರನ್ನು ಗಾಡಿ ಹತ್ತಿಸಿ ಅಲ್ಲಿಗೇ ನಿಲ್ಲಿಸಿದ್ದಾರೆ. ಹೇಳುತ್ತಾರೆ ಅಂತ ನನ್ನ ನಂಬಿಕೆ. ಆದರೆ ಅವರು ಊರು ಮುಟ್ಟುವಾಗ ನಾರಣಪ್ಪನ ಮನೆ ಖಾಲಿ ಇರುತ್ತದೆ.